ಬಿಟ್ಟ ಮೀನು ಬದುಕಿತಾ?

ಮುಳುಗಿದ ಹಡಗು ಅಂದ್ರೆ ನಮ್ಮ ಕರಾವಳಿಯವರಿಗೆ ಮೊದಲು ಆಗೋದು ಭಯ. 2022ರ ಜೂನ್‌ನಲ್ಲಿ ಉಳ್ಳಾಲದ ಹತ್ತಿರ ಸ್ಟೀಲ್ ಕಾಯಿಲ್ ಹೊತ್ತಿದ್ದ 'ಪ್ರಿನ್ಸೆಸ್ ಮಿರಾಲ್' ಮುಳುಗಿತು. ಹಡಗಿನಲ್ಲಿದ್ದ 15 ಸಿರಿಯನ್ ಸಿಬ್ಬಂದಿಯನ್ನು ಕೋಸ್ಟ್ ಗಾರ್ಡ್ ಉಳಿಸಿತು. ಆಮೇಲೆ ಉಳಿದದ್ದು ಒಂದೇ ಚಿಂತೆ: ಎಣ್ಣೆ ಸೋರಿದರೆ ಮೀನಿನ ಗತಿ ಏನು?

ಅಮೆರಿಕದ ಫ್ಲೋರಿಡಾ ರಾಜ್ಯದ ಪೆನ್ಸಕೋಲಾದಲ್ಲಿ ಕಥೆ ಉಲ್ಟಾ. ಅಲ್ಲಿ ಹಡಗುಗಳನ್ನು ಬೇಕಂತಲೇ ಮುಳುಗಿಸ್ತಾರೆ, ಮೀನು ಬರಲಿ ಅಂತ! 2006ರ ಮೇ 17ರಂದು 'ಒರಿಸ್ಕನಿ' ಎಂಬ ನಿವೃತ್ತ ವಿಮಾನವಾಹಕ ಯುದ್ಧನೌಕೆಯನ್ನು ಅಲ್ಲಿನ ಸಮುದ್ರದಲ್ಲಿ ಸ್ಫೋಟಕ ಇಟ್ಟು ಇಳಿಸಿದರು. ಸುಮಾರು 900 ಅಡಿ ಉದ್ದದ ಹಡಗು 37 ನಿಮಿಷದಲ್ಲಿ ಮಾಯ. ಮುಳುಗಿಸೋ ಮುಂಚೆ ಇಂಧನ, ಎಣ್ಣೆ ಎಲ್ಲ ತೆಗೆದು ತೊಳೆದಿದ್ದರು. ಆದರೂ ಕೇಬಲ್‌ಗಳ ಹೊದಿಕೆಯಲ್ಲಿ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ ಸ್ವಲ್ಪ ಉಳಿದಿತ್ತು. ಅದಕ್ಕೆ ಪರಿಸರ ಸಂಸ್ಥೆಯ ಪ್ರತ್ಯೇಕ ಅನುಮತಿಯೇ ಬೇಕಾಯ್ತು.

ಅದೇ ಊರಿನ ಬಂದರಿನ ಬಾಯಿಯ ಬಳಿ ಇನ್ನೂ ಹಳೆಯದೊಂದಿದೆ. 1896ರಲ್ಲಿ ನೌಕಾಪಡೆ ಸೇರಿದ 'ಮ್ಯಾಸಚೂಸೆಟ್ಸ್' ಯುದ್ಧನೌಕೆ. 1921ರಲ್ಲಿ ಅದನ್ನು ಕಡಿಮೆ ನೀರಿನಲ್ಲಿ ಮುಳುಗಿಸಿ, ಫಿರಂಗಿ ಗುರಿ ಅಭ್ಯಾಸಕ್ಕೆ ಬಳಸಿಕೊಂಡರು. ಈಗ ಅಲ್ಲಿ ಮೀನುಗಳದ್ದೇ ಸಂಸಾರ.

ಹಡಗಿಗೂ ಮೀನಿಗೂ ಏನು ನಂಟು ಅಂತೀರಾ? ಆ ಭಾಗದ ಸಮುದ್ರದ ತಳ ಬಹುತೇಕ ಸಪಾಟು ಮರಳು. ಮರಳಿಗೆ ಏನೂ ಅಂಟಿಕೊಂಡು ಬೆಳೆಯಲ್ಲ. ಅಲ್ಲಿಗೊಂದು ಕಬ್ಬಿಣದ ಗೋಡೆ ಬಂದರೆ ಅದರ ಮೇಲೆ ಪಾಚಿ, ಚಿಪ್ಪುಜೀವಿಗಳು, ಸ್ಪಂಜು ಕೂರುತ್ತವೆ. ಅವುಗಳ ಹಿಂದೆ ಸಣ್ಣ ಮೀನು, ಸಣ್ಣ ಮೀನಿನ ಹಿಂದೆ ದೊಡ್ಡ ಮೀನು. ಬಯಲಿನಲ್ಲಿ ಒಂದು ಆಲದ ಮರ ಇದ್ದರೆ ಹಕ್ಕಿಗಳೆಲ್ಲ ಅಲ್ಲೇ ಸೇರುತ್ತವಲ್ಲ, ಹಾಗೆ.

ಕಳೆದ ಜೂನ್‌ನಲ್ಲಿ ಅಟ್ಲಾಂಟಾದಿಂದ ನಾವು ನಾಲ್ಕು ಜನ ಕಲೀಗ್ಸ್ ಐದು ಗಂಟೆ ಡ್ರೈವ್ ಮಾಡಿ ಪೆನ್ಸಕೋಲಾಕ್ಕೆ ಹೋಗಿದ್ದೆವು. ಅರ್ಧ ದಿನದ ಫಿಶಿಂಗ್ ಟ್ರಿಪ್, ಒಬ್ಬ ಕ್ಯಾಪ್ಟನ್, ಒಬ್ಬ ಸಹಾಯಕ ಹುಡುಗ. ಗಾಳ, ಎರೆ, ಐಸ್ ಎಲ್ಲ ಅವರದ್ದೇ. ಫಿಶಿಂಗ್ ಲೈಸೆನ್ಸ್ ಕೂಡ ನಾವು ಬೇರೆ ಮಾಡಿಸಬೇಕಿಲ್ಲ, ಬೋಟಿನ ಲೈಸೆನ್ಸ್‌ನಲ್ಲೇ ಪ್ರಯಾಣಿಕರೂ ಸೇರುತ್ತಾರೆ. ನಮ್ಮಲ್ಲೊಬ್ಬಳು, ಹಾಸನದವಳು, ಪಕ್ಕಾ ಸಸ್ಯಾಹಾರಿ. "ನಾನು ಸಮುದ್ರ ನೋಡಕ್ಕೆ ಬರ್ತಿರೋದು, ನಿಮ್ಮ ಮೀನು ನೋಡಕ್ಕಲ್ಲ" ಅಂತ ಮೊದಲೇ ಹೇಳಿದ್ದಳು.

ಒರಿಸ್ಕನಿ ದಡದಿಂದ ಇಪ್ಪತ್ತು ಮೈಲಿಗೂ ಆಚೆ, ಅರ್ಧ ದಿನದಲ್ಲಿ ಹೋಗಿ ಬರೋದು ಕಷ್ಟ. ಹಾಗಾಗಿ ಹತ್ತಿರದ, ಸುಮಾರು ನೂರು ಅಡಿ ಆಳದ ಸಣ್ಣ ಹಡಗೊಂದರ ಮೇಲೆ ಬೋಟ್ ನಿಲ್ಲಿಸಿದರು. ಮೇಲೆ ನೋಡಿದರೆ ಬರೀ ನೀರು. ಸೋನಾರ್ ಸ್ಕ್ರೀನ್ ಮೇಲೆ ಮಾತ್ರ ಮರಳಿನಿಂದ ಎದ್ದ ಒಂದು ಗುಬುಟು, ಅದರ ಸುತ್ತ ಮೋಡದ ಹಾಗೆ ಮೀನಿನ ಗುಂಪು.

ಗಾಳ ಬಿಟ್ಟ ಎರಡೇ ನಿಮಿಷಕ್ಕೆ ಎಳೆತ ಶುರು. "ಜಗ್ಗಬೇಡಿ, ನಿಧಾನಕ್ಕೆ ಸುತ್ತುತ್ತಾ ಹೋಗಿ" ಅಂತ ಕ್ಯಾಪ್ಟನ್. ಕಾರಣ ಇದೆ. ಇಲ್ಲಿ ಬಳಸಬೇಕಾದದ್ದು ಸರ್ಕಲ್ ಹುಕ್, ತುದಿ ಒಳಕ್ಕೆ ಬಾಗಿದ ಗಾಳ. ಅದು ಮೀನಿನ ಹೊಟ್ಟೆಗೆ ಇಳಿಯದೆ ಹೆಚ್ಚಾಗಿ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತೆ. ಬಿಡಿಸೋದೂ ಸುಲಭ.

ಬಂದದ್ದೆಲ್ಲ ರೆಡ್ ಸ್ನ್ಯಾಪರ್, ಕೆಂಪಗೆ ಹೊಳೆಯುವ ಮೀನು. ಆದರೆ ತಲೆಗೆ ಎರಡೇ, ಅದೂ 16 ಇಂಚಿಗಿಂತ ಚಿಕ್ಕದಿರಬಾರದು. ಕ್ಯಾಪ್ಟನ್ ಮತ್ತು ಸಹಾಯಕನ ಲೆಕ್ಕದಲ್ಲಿ ಒಂದೂ ಇಟ್ಟುಕೊಳ್ಳುವಂತಿಲ್ಲ. ಒಂದು ಕಾಲದಲ್ಲಿ ಈ ಮೀನನ್ನು ಬೇಕಾಬಿಟ್ಟಿ ಹಿಡಿದು ಸಂಖ್ಯೆ ತೀರಾ ಕುಸಿದಿತ್ತು, ಅದಕ್ಕೇ ಈ ಬಿಗಿ. ಸ್ನ್ಯಾಪರ್ ಐವತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ದೊಡ್ಡ ಹೆಣ್ಣು ಮೀನು ಚಿಕ್ಕದಕ್ಕಿಂತ ಎಷ್ಟೋ ಪಟ್ಟು ಮೊಟ್ಟೆ ಇಡುತ್ತೆ. ಚಿಕ್ಕದನ್ನು ಬಿಡಿ ಅನ್ನೋದು ಅದು ದೊಡ್ಡದಾಗಲಿ ಅಂತ.

ಆದರೆ ಬಿಟ್ಟ ಮೀನು ಬದುಕುತ್ತಾ?

ನೂರು ಅಡಿ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು. ಮೀನಿನ ಹೊಟ್ಟೆಯೊಳಗೆ ಗಾಳಿಚೀಲ ಇರುತ್ತೆ, ನೀರಲ್ಲಿ ತೇಲೋ ಮಟ್ಟ ಸರಿಮಾಡಿಕೊಳ್ಳೋಕೆ. ಮೀನನ್ನು ಸರ್ರಂತ ಮೇಲೆಳೆದರೆ ಆ ಗಾಳಿಯೂ ನಾಲ್ಕು ಪಟ್ಟು ಹಿಗ್ಗಲು ನೋಡುತ್ತೆ. ತೇಗಿ ಹೊರಹಾಕೋಣ ಅಂದ್ರೆ ಸ್ನ್ಯಾಪರ್‌ನ ಚೀಲಕ್ಕೆ ಬಾಯಿಯ ಕಡೆಗೆ ದಾರಿಯೇ ಇಲ್ಲ. ಕಣ್ಣು ಉಬ್ಬುತ್ತೆ, ಜಠರ ಬಾಯಿಂದ ಹೊರಗೆ ಬರುತ್ತೆ. ಹಾಗೇ ನೀರಿಗೆ ಎಸೆದರೆ ಬಲೂನಿನಂತೆ ತೇಲುತ್ತೆ, ಕೆಳಗೆ ಹೋಗಲಾರದು.

ಸ್ವಲ್ಪ ದೂರದಲ್ಲಿದ್ದ ಇನ್ನೊಂದು ಬೋಟಿನವರು ಹಾಗೇ ಒಂದನ್ನು ಎಸೆದರು. ಅದು ಮಗ್ಗುಲಾಗಿ ತೇಲುತ್ತಾ ಬಾಲ ಬಡಿಯುತ್ತಿತ್ತು. ಅರ್ಧ ನಿಮಿಷ ಆಗಿರಲಿಲ್ಲ, ಒಂದು ಡಾಲ್ಫಿನ್ ಬಂದು ಎತ್ತಿಕೊಂಡು ಹೋಯ್ತು. ಬೋಟುಗಳ ಹಿಂದೆ ಸುತ್ತಿದರೆ ಊಟ ಸಿಗುತ್ತೆ ಅಂತ ಅಲ್ಲಿನ ಡಾಲ್ಫಿನ್‌ಗಳು ಕಲಿತುಬಿಟ್ಟಿವೆ. ಕಾನೂನಿನ ಪ್ರಕಾರ ಆ ಮೀನು 'ರಿಲೀಸ್' ಆದ ಮೀನು. ರಿಲೀಸ್ ಮಾಡಿ, ಪ್ರೊಡಕ್ಷನ್‌ನಲ್ಲಿ ಏನಾಯ್ತು ಅಂತ ನೋಡದೆ ಮನೆಗೆ ಹೋಗೋ ಟೀಮ್‌ಗಳು ನಮಗೂ ಗೊತ್ತಲ್ಲ!

ನಮ್ಮ ಕ್ಯಾಪ್ಟನ್ ಬಳಿ ಇದಕ್ಕೊಂದು ಉಪಕರಣ ಇತ್ತು. ಮೀನಿನ ಕೆಳದವಡೆ ಕಚ್ಚಿ ಹಿಡಿಯುವ ಕ್ಲಿಪ್, ಅದಕ್ಕೆ ಭಾರದ ಸೀಸ, ಮೇಲೆ ದಾರ. ಮೀನನ್ನು ಅದರಲ್ಲಿ ಸಿಕ್ಕಿಸಿ ಕೆಳಗಿಳಿಸಿದರೆ ಆಳಕ್ಕೆ ಹೋದಂತೆ ಒತ್ತಡ ಹೆಚ್ಚಿ ಗಾಳಿ ಮತ್ತೆ ಕುಗ್ಗುತ್ತೆ. ನಿಗದಿ ಮಾಡಿದ ಆಳಕ್ಕೆ ಕ್ಲಿಪ್ ತಾನಾಗೇ ತೆರೆಯುತ್ತೆ, ಮೀನು ಈಜಿ ಹೋಗುತ್ತೆ. ಇಂಥ ಉಪಕರಣ ಅಥವಾ ಗಾಳಿ ತೆಗೆಯೋ ಟೊಳ್ಳು ಸೂಜಿ ಬೋಟಿನಲ್ಲಿ ಬಳಕೆಗೆ ಸಿದ್ಧವಾಗಿ ಇರಲೇಬೇಕು ಅನ್ನೋ ಕಾನೂನು ಮೆಕ್ಸಿಕೋ ಕೊಲ್ಲಿಯಲ್ಲಿ 2022ರ ಜನವರಿಯಲ್ಲಿ ಜಾರಿಗೆ ಬಂತು.

ಹಾಸನದವಳು ಎದ್ದು ಬಂದು, "ಅದನ್ನ ನಾನು ಮಾಡ್ತೀನಿ, ಕೊಡಿ" ಅಂದಳು. ಆಮೇಲೆ ಟ್ರಿಪ್ ಮುಗಿಯೋವರೆಗೂ ಒದ್ದೆ ಟವೆಲ್‌ನಲ್ಲಿ ಮೀನು ಹಿಡಿದು ಕ್ಲಿಪ್ ಹಾಕಿ ಇಳಿಸೋ ಕೆಲಸ ಅವಳದ್ದೇ. ಒಂದು ಮಾತ್ರ ಇಳಿಸೋ ದಾರಿಯಲ್ಲೇ ಡಾಲ್ಫಿನ್ ಪಾಲಾಯ್ತು. ಕ್ಯಾಪ್ಟನ್ ತಕ್ಷಣ ಗಾಳಗಳನ್ನೆಲ್ಲ ಎತ್ತಿಸಿ ಬೇರೆ ಜಾಗಕ್ಕೆ ಹೊರಟ. ಅವಳು ಹತ್ತು ನಿಮಿಷ ಯಾರ ಹತ್ತಿರವೂ ಮಾತಾಡಲಿಲ್ಲ.

ದಡಕ್ಕೆ ಬಂದಾಗ ಐಸ್ ಪೆಟ್ಟಿಗೆಯಲ್ಲಿ ಆರು ಮೀನು. ಫೋಟೊದಲ್ಲಿ ಇರೋದೂ ಆರೇ. ನೀರಿಗೆ ವಾಪಸ್ ಹೋದದ್ದು ಹನ್ನೊಂದು, ಅವು ಯಾವ ಫೋಟೊದಲ್ಲೂ ಇಲ್ಲ. ಇಂಥ ಟ್ರಿಪ್‌ನ ಒಳ್ಳೆಯದು ಕೆಟ್ಟದ್ದು ಆ ಹನ್ನೊಂದರಲ್ಲಿದೆ ಅಂತ ನನಗನ್ನಿಸುತ್ತೆ.

ಯಾಕೆಂದರೆ ಮುಳುಗಿದ ಹಡಗು ಮೀನನ್ನು ಹೆಚ್ಚಿಸುತ್ತಾ, ಇಲ್ಲಾ ಸುತ್ತಮುತ್ತ ಇದ್ದದ್ದನ್ನು ಒಂದು ಕಡೆ ಸೇರಿಸುತ್ತಾ ಅನ್ನೋ ವಾದ ವಿಜ್ಞಾನಿಗಳ ನಡುವೆ ದಶಕಗಳಿಂದ ಇದೆ. ಬರೀ ಸೇರಿಸುತ್ತೆ ಅಂತಾದರೆ, ಹಡಗು ಮುಳುಗಿಸಿ ನಾವು ಕಟ್ಟಿದ್ದು ಮೀನಿಗೆ ಮನೆಯಲ್ಲ, ನಮಗೆ ಅಂಗಡಿ. ಎರಡು ನಿಮಿಷಕ್ಕೊಂದು ಮೀನು ಸಿಗೋ ಜಾಗದಲ್ಲಿ ಬಿಡೋ ಕೈಗೆ ಹೆಚ್ಚು ಜವಾಬ್ದಾರಿ.

ಅಲ್ಲಿರೋ ಗೆಳೆಯರು ಇಂಥ ಟ್ರಿಪ್ ಬುಕ್ ಮಾಡೋದಾದರೆ ಬೆಲೆಯ ಜೊತೆ ಮೂರು ಪ್ರಶ್ನೆ ಕೇಳಿ. ಎಷ್ಟು ಆಳದಲ್ಲಿ ಹಿಡೀತೀರಿ? ಬಿಡೋ ಮೀನನ್ನು ಕೆಳಗಿಳಿಸೋಕೆ ಏನಿದೆ? ಡಾಲ್ಫಿನ್ ಬಂದರೆ ಜಾಗ ಬದಲಿಸ್ತೀರಾ? ಮೂರಕ್ಕೂ ತಡವರಿಸದೆ ಉತ್ತರ ಕೊಟ್ಟ ಕ್ಯಾಪ್ಟನ್ ಜೊತೆ ಹೋಗಿ. ಇನ್ನೊಂದು ಮಾತು: ನಿಮ್ಮ ಲೆಕ್ಕದ ಎರಡು ಮೀನು ಸಿಕ್ಕ ಮೇಲೆ ಗಾಳ ಎತ್ತಿಟ್ಟು ಸಮುದ್ರ ನೋಡಿ. ಅದಕ್ಕೂ ದುಡ್ಡು ಕೊಟ್ಟಿದ್ದೀರಲ್ಲ.