ಮಾತನಾಡುವ ಆಟಿಕೆಗಳ ಕುರಿತು ಒಂದು ತಕರಾರು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳ ಅನ್ನಪ್ರಾಶನಕ್ಕೆ ಹೋಗಿದ್ದೆ. ಆರು ತಿಂಗಳು ತುಂಬಿದ ಕೂಸು. ಅಜ್ಜಿಯ ತೊಡೆಯ ಮೇಲೆ ಕುಳಿತು, ಅವರ ಒಂದೊಂದು ಮಾತಿಗೂ ತನ್ನದೇ ಭಾಷೆಯಲ್ಲಿ ಉತ್ತರ ಕೊಡುತ್ತಿತ್ತು. ಅಷ್ಟರಲ್ಲಿ ಬಂಧುಗಳೊಬ್ಬರು ತಂದ ಉಡುಗೊರೆಯ ಪೊಟ್ಟಣವನ್ನು ಬಿಚ್ಚಲಾಯಿತು. ಹಸುವಿನ ಆಕಾರದ ಬ್ಯಾಟರಿ ಆಟಿಕೆ. ಗುಂಡಿ ಒತ್ತಿದೊಡನೆ ಕೆಂಪು, ಹಸಿರು ದೀಪಗಳು ಮಿನುಗಿದವು; ಅಮೆರಿಕನ್ ಉಚ್ಚಾರಣೆಯಲ್ಲಿ ಇಂಗ್ಲಿಷ್ ಅಕ್ಷರಮಾಲೆ ಮೊಳಗಿತು. ಮಗು ಮೊದಲು ಬೆಚ್ಚಿತು, ಅನಂತರ ಕಣ್ಣರಳಿಸಿ ದೀಪಗಳನ್ನೇ ನೋಡತೊಡಗಿತು. "ನೋಡಿದಿರಾ ಸಾರ್, ಎಷ್ಟು ಗಮನ!" ಎಂದು ನನ್ನ ಶಿಷ್ಯ ಹಿಗ್ಗಿದ. ನಾನು ಗಮನಿಸಿದ್ದು ಬೇರೆಯದನ್ನು. ಅಜ್ಜಿ ಮಾತು ನಿಲ್ಲಿಸಿದ್ದರು.

ನನ್ನ ತಕರಾರು ಇದೇ. ಈ ಆಟಿಕೆಗಳು ಗದ್ದಲ ಮಾಡುತ್ತವೆ, ದುಬಾರಿ, ಬೇಗ ಕೆಡುತ್ತವೆ ಎಂಬ ದೂರುಗಳೆಲ್ಲ ನಿಜವೇ. ಆದರೆ ಅವು ಸಣ್ಣ ದೂರುಗಳು. ದೊಡ್ಡ ದೂರೆಂದರೆ, ಆಟಿಕೆ ಮಾತನಾಡಲು ತೊಡಗಿದಾಗ ಮನೆಯವರು ಬಾಯಿ ಮುಚ್ಚುತ್ತಾರೆ. ಕೂಸಿಗೆ ಭಾಷೆ ಬರುವುದು ತನ್ನ ಮುಖ ನೋಡಿ ಮಾತನಾಡಿ, ತನ್ನ ತೊದಲಿಗೆ ಕಾದು, ಮತ್ತೆ ಮಾತನಾಡುವ ಮನುಷ್ಯರಿಂದ. ಯಂತ್ರ ಕಾಯುವುದಿಲ್ಲ.

ಇದು ಮುದಿ ಮೇಷ್ಟರ ಗೊಣಗಾಟವೆಂದು ತಳ್ಳಿಹಾಕುವವರಿಗಾಗಿ ಒಂದು ಲೆಕ್ಕ ಕೊಡುತ್ತೇನೆ. ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಆನಾ ಸೋಸಾ ಎಂಬುವರು 10ರಿಂದ 16 ತಿಂಗಳ ಮಕ್ಕಳಿರುವ 26 ಮನೆಗಳಿಗೆ ಮೂರು ಬಗೆಯ ಸಾಮಾನು ಕೊಟ್ಟು, ಆಟದ ಹೊತ್ತಿನ ಮಾತುಗಳನ್ನು ಧ್ವನಿಮುದ್ರಿಸಿದರು. ಇವರ ಅಧ್ಯಯನ 2016ರಲ್ಲಿ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಚಿತ್ರಪುಸ್ತಕ ಹಿಡಿದಾಗ ತಂದೆತಾಯಿಯರು ನಿಮಿಷಕ್ಕೆ ಸುಮಾರು 67 ಪದ ಆಡಿದರು. ಮರದ ಒಗಟು, ರಬ್ಬರಿನ ಇಟ್ಟಿಗೆಗಳಂಥ ಸಾಮಾನ್ಯ ಆಟಿಕೆಗಳೊಡನೆ 56. ಮಾತನಾಡುವ ಬ್ಯಾಟರಿ ಆಟಿಕೆಯೊಡನೆ ಕೇವಲ 40. ಮನೆಗಳ ಸಂಖ್ಯೆ ಚಿಕ್ಕದೆಂಬುದನ್ನು ಒಪ್ಪುತ್ತೇನೆ. ಆದರೂ ನಾನು ಆ ಅನ್ನಪ್ರಾಶನದ ಮನೆಯಲ್ಲಿ ಕಂಡದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

"ಆದರೆ ಸಾರ್, ಮಗು ಹಿಂದೆ ಬೀಳಬಾರದಲ್ಲ" ಎಂದ ಶಿಷ್ಯ. ಯಾರ ಹಿಂದೆ? ಆರು ತಿಂಗಳ ಕೂಸಿಗೆ ಏ, ಬಿ, ಸಿ ಏತಕ್ಕೆ? ಬದುಕಿನುದ್ದಕ್ಕೂ ಅಕ್ಷರ ಕಲಿಸಿದವನು ನಾನು. ಅಕ್ಷರಕ್ಕೆ ಅದರದೇ ಕಾಲವಿದೆ. ಡಬ್ಬಿಯ ಮೇಲೆ 'ಮೆದುಳಿನ ಬೆಳವಣಿಗೆ' ಎಂದು ಅಚ್ಚು ಹಾಕಿಸುವವನಿಗೆ ಬೇಕಾದದ್ದು ನಿಮ್ಮ ಭಯ. ಡಿಸ್ನಿಯವರು 'ಬೇಬಿ ಐನ್‌ಸ್ಟೈನ್' ಎಂಬ ಹೆಸರಿನಲ್ಲಿ ಕೂಸುಗಳಿಗಾಗಿ ವೀಡಿಯೋ ಮಾರಿ, ಆಕ್ಷೇಪಗಳೆದ್ದ ಮೇಲೆ 2009ರಲ್ಲಿ ಕೊಂಡವರಿಗೆ ಹಣ ಹಿಂದಿರುಗಿಸಲು ಮುಂದಾದರು. ಆ ಹೆಸರಿನ ಆಕರ್ಷಣೆ ಮಾತ್ರ ಇಂದಿಗೂ ಬೇರೆ ಬೇರೆ ವೇಷದಲ್ಲಿ ಉಳಿದಿದೆ.

ಹಾಗಾದರೆ ಏನು ಕೊಡಬೇಕು? ಮಗುವೇ ಹೇಳುತ್ತದೆ. ಹುಟ್ಟಿದ ಹೊಸತರಲ್ಲಿ ಅದಕ್ಕೆ ಒಂದು ಗೇಣಿನಷ್ಟು ದೂರದ್ದು ಮಾತ್ರ ಸ್ಪಷ್ಟವಾಗಿ ಕಾಣುವುದು. ಎದೆಗೊತ್ತಿಕೊಂಡ ತಾಯಿಯ ಮುಖವಿರುವುದೂ ಸರಿಸುಮಾರು ಅಷ್ಟೇ ದೂರದಲ್ಲಿ. ಅದಕ್ಕಿಂತ ಉತ್ತಮ ಆಟಿಕೆ ಯಾವುದು? ಮೂರು-ನಾಲ್ಕು ತಿಂಗಳಿಗೆ ಕೈ ಚಾಚುತ್ತದೆ. ಆಗ ಹಗುರವಾದ ಗಿಲಕಿ. ಆರರ ಆಸುಪಾಸಿನಲ್ಲಿ ಈ ಕೈಯಿಂದ ಆ ಕೈಗೆ ದಾಟಿಸುತ್ತದೆ, ಎಲ್ಲವನ್ನೂ ಬಾಯಿಗೆ ಹಾಕಿ ಪರೀಕ್ಷಿಸುತ್ತದೆ. ಆಗ ಮರದ ಬಳೆ, ಸ್ಟೀಲ್ ಚಮಚ. ಎಂಟು-ಒಂಬತ್ತಕ್ಕೆ ಟವೆಲಿನಡಿ ಬಚ್ಚಿಟ್ಟ ಲೋಟವನ್ನು ಹುಡುಕುತ್ತದೆ. ಕಾಣದಿದ್ದರೂ ವಸ್ತು ಇದ್ದೇ ಇದೆ ಎಂಬ ಈ ಅರಿವಿನ ಬಗ್ಗೆ ಪಿಯಾಜೆ ಎಂಬ ಸ್ವಿಟ್ಜರ್ಲೆಂಡಿನ ವಿದ್ವಾಂಸರು ವಿಸ್ತಾರವಾಗಿ ಬರೆದಿದ್ದಾರೆ. ನಮ್ಮ ಅಜ್ಜಿಯರು ಸೆರಗಿನ ಮರೆಯಲ್ಲಿ ಮುಖ ಮುಚ್ಚಿ 'ಬೂ' ಎನ್ನುತ್ತ ಅದನ್ನೇ ಆಡಿಸುತ್ತಿದ್ದರು. ಒಂದರೊಳಗೊಂದು ಕೂರುವ ಬಟ್ಟಲುಗಳು ಹತ್ತನೆಯ ತಿಂಗಳಿಗೆ ಧಾರಾಳ ಸಾಕು.

ಕೊಂಡೇ ಕೊಡಬೇಕೆನ್ನುವವರಿಗೆ ಚನ್ನಪಟ್ಟಣವಿದೆ. ಹಾಲೆ ಮರದ ತುಂಡನ್ನು ತಿರುಗಣೆಯಲ್ಲಿ ತಿರುಗಿಸಿ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟುತ್ತದೆ, ತಾಳೆಗರಿಯಿಂದ ತಿಕ್ಕಿದಾಗ ಹೊಳಪು ಬರುತ್ತದೆ. ಆದರೆ ಇಲ್ಲಿಯೂ ಕುರುಡು ಭಕ್ತಿ ಸಲ್ಲದು. 2021ರ ಜನವರಿಯಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು, ನೋಂದಾಯಿತ ಕುಶಲಕರ್ಮಿಗಳಿಗೆ ಅದರಿಂದ ವಿನಾಯಿತಿಯಿದೆ. ಆದ್ದರಿಂದ ಅರಗೋ, ಅಗ್ಗದ ಪೇಂಟೋ ಎಂದು ಕೇಳಿ ತಿಳಿಯುವ ಹೊಣೆ ನಿಮ್ಮದು. ಸೀಸವುಳ್ಳ ಬಣ್ಣ ಕೂಸಿನ ಮೆದುಳಿಗೆ ವಿಷ. ಬಾಯೊಳಗೆ ಪೂರ್ತಿ ಹೋಗುವಷ್ಟು ಚಿಕ್ಕದಾದ ಯಾವುದೂ ಬೇಡ.

ಇನ್ನು ಗಾಲಿಯ ವಾಕರ್. ಈ ತಪ್ಪನ್ನು ನಾನೂ ಮಾಡಿದ್ದೇನೆ. ನನ್ನ ಮಗನಿಗೆ ತಂದಿದ್ದೆ. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಅದು ಹೊಸ್ತಿಲು ದಾಟಿ ಮೆಟ್ಟಿಲಿನತ್ತ ಉರುಳಿತ್ತು. ನನ್ನಾಕೆ ಹಿಡಿಯದಿದ್ದರೆ ಏನಾಗುತ್ತಿತ್ತೋ! ಕೆನಡಾ ದೇಶ 2004ರಲ್ಲೇ ಇದರ ಮಾರಾಟವನ್ನು ನಿಷೇಧಿಸಿತು. ಇದು ನಡಿಗೆಯನ್ನು ಕಲಿಸುವುದೂ ಇಲ್ಲ. ತಾನೇ ಎದ್ದು ನಿಂತ ಮೇಲೆ ಮಗು ಹಿಂದಿನಿಂದ ತಳ್ಳುವ ಮರದ ಗಾಡಿಯ ಮಾತು ಬೇರೆ.

ಇಬ್ಬರೂ ದುಡಿಯಲು ಹೋಗುವ ಮನೆಗಳಲ್ಲಿ ಹತ್ತು ನಿಮಿಷದ ಬಿಡುವಿಗಾಗಿ ಗುಂಡಿ ಒತ್ತುವ ತಾಯಂದಿರನ್ನು ನಾನು ದೂಷಿಸುತ್ತಿಲ್ಲ. ಆ ಹತ್ತು ನಿಮಿಷ ತಂದೆ ಎಲ್ಲಿದ್ದನೆಂದು ಕೇಳಬೇಕಷ್ಟೆ.

ಮೊನ್ನೆ ಶಿಷ್ಯ ದೂರವಾಣಿ ಮಾಡಿದ್ದ. "ಸಾರ್, ಉಡುಗೊರೆ ಕೊಟ್ಟವರು ಭಾನುವಾರ ಮನೆಗೆ ಬರುತ್ತಾರೆ. ಹಸು ಕಾಣದಿದ್ದರೆ ಬೇಸರ ಮಾಡಿಕೊಳ್ಳುತ್ತಾರೆ, ಏನು ಮಾಡಲಿ?" ಸೆಲ್ ತೆಗೆದು ಮಗುವಿನ ಕೈಗೆಟುಕದಂತೆ ಇಡು, ಮುಚ್ಚಳದ ಸ್ಕ್ರೂ ಬಿಗಿಮಾಡಿ ಕೊಡು ಎಂದೆ. ಈಗ ಮಗು ಅದರ ಬಾಲ ಹಿಡಿದು ನೆಲಕ್ಕೆ ಕುಟ್ಟುತ್ತದಂತೆ. ಅಜ್ಜಿ "ಅಂಬಾ" ಎನ್ನುತ್ತಾರಂತೆ.