ಜ್ಯಾಕಿನ ಸೀಲಿನ ಅಳತೆ ಕೊಡಿಸಿ: ಕೃಷಿ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕೃಷಿ ಸಚಿವರಿಗೆ,

ನಾನು ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರ. ಆಳು ಸಿಗದ ಈ ಕಾಲದಲ್ಲಿ ನಮ್ಮ ತೋಟಗಳಿಗೆ ಮಿನಿ ಟ್ರ್ಯಾಕ್ಟರ್ ಬಂದಿದೆ. ನನ್ನಂತೆ ಕೆಲವರು ಅದರ ಮುಂದೆ ಲೋಡರನ್ನೂ ಕೂರಿಸಿಕೊಂಡಿದ್ದಾರೆ. ಗುಂಡಿಯಿಂದ ಗೊಬ್ಬರ ಎತ್ತುವುದು, ತೋಟಕ್ಕೆ ಹೊಸಮಣ್ಣು ಸಾಗಿಸುವುದು, ಮಳೆಗೆ ಕುಸಿದ ಧರೆಯ ಮಣ್ಣು ತೆಗೆಯುವುದು ಎಲ್ಲವೂ ಆ ಬಕೆಟ್ಟಿನ ಕೆಲಸ. ಬಕೆಟ್ಟು ನಿಂತಿರುವುದು ಹೈಡ್ರಾಲಿಕ್ ಸಿಲಿಂಡರ್‌ಗಳ ಬಲದ ಮೇಲೆ. ಸಾಮಾನ್ಯವಾಗಿ ತೋಳನ್ನು ಎತ್ತಲು ಎರಡು, ಬಕೆಟ್ ಮಗುಚಲು ಎರಡು. ವರ್ಕ್‌ಶಾಪುಗಳಲ್ಲಿ ಅವನ್ನು ಜ್ಯಾಕ್ ಎಂದೇ ಕರೆಯುತ್ತಾರೆ. ಯಂತ್ರ ಕೊಳ್ಳುವಾಗ ನಿಮ್ಮ ಇಲಾಖೆ ಸಹಾಯಧನ ಕೊಟ್ಟು ಬೆನ್ನಿಗೆ ನಿಲ್ಲುತ್ತದೆ. ಜ್ಯಾಕ್ ಸೋರಲು ಶುರುವಾದ ದಿನ ರೈತನ ಬೆನ್ನಿಗೆ ಯಾರೂ ಇರುವುದಿಲ್ಲ.

ಕಳೆದ ಬೇಸಿಗೆಯಲ್ಲಿ, ತೋಟಕ್ಕೆ ಮಣ್ಣು ಹಾಕಿಸುವ ಹೊತ್ತಿಗೇ ನನ್ನ ಲೋಡರಿನ ಒಂದು ಜ್ಯಾಕಿನ ರಾಡಿನಿಂದ ಎಣ್ಣೆ ಇಳಿಯತೊಡಗಿತು. ಡೀಲರ್ ಅಂಗಡಿಯಲ್ಲಿ ಸೀಲ್ ಕಿಟ್ ಕೇಳಿದೆ. ಬಿಡಿಯಾಗಿ ಬರುವುದಿಲ್ಲ, ಇಡೀ ಸಿಲಿಂಡರನ್ನೇ ತರಿಸಬೇಕು ಎಂದರು. ಹೋಗಲಿ, ಸೀಲಿನ ಅಳತೆಯನ್ನಾದರೂ ಕೊಡಿ ಎಂದರೆ ಅದು ಕಂಪನಿಯವರಿಗೆ ಮಾತ್ರ ಗೊತ್ತು ಎಂಬ ಉತ್ತರ. ಕೈಬಳೆಯಂಥ ಒಂದು ಉಂಗುರಕ್ಕಾಗಿ ಲಕ್ಷಗಟ್ಟಲೆ ಬೆಲೆಯ ಯಂತ್ರ ಕೊಟ್ಟಿಗೆಯ ಪಕ್ಕ ನಿಂತಿತು. ಅಷ್ಟರಲ್ಲಿ ಮಳೆ ಹಿಡಿಯಿತು. ಮಣ್ಣು ಹಾಕುವ ಕೆಲಸ ಮುಂದಿನ ವರ್ಷಕ್ಕೆ ಹೋಯಿತು.

ಇದೇನು ದೊಡ್ಡ ವಿದ್ಯೆಯ ರಿಪೇರಿಯೂ ಅಲ್ಲ. ಮಿನಿ ಟ್ರ್ಯಾಕ್ಟರಿನಲ್ಲಿ ಎಣ್ಣೆಯ ಒತ್ತಡ 150 ಬಾರ್ ಎಂದಿಟ್ಟುಕೊಳ್ಳಿ. 50 ಮಿ.ಮೀ. ಒಳವ್ಯಾಸದ ಜ್ಯಾಕಿನಲ್ಲಿ ಅಷ್ಟು ಒತ್ತಡ ಬಿದ್ದರೆ ರಾಡು ಸುಮಾರು 3 ಟನ್ ಬಲದಿಂದ ತಳ್ಳುತ್ತದೆ. ಈ ಬಲವನ್ನು ಒಳಗೆ ಕಾಯುವುದು ಪಿಸ್ಟನ್ನಿನ ಸೀಲು. ರಾಡು ಹೊರಬರುವ ಕಡೆ, ಗ್ಲ್ಯಾಂಡಿನಲ್ಲಿ, ಎಣ್ಣೆ ತಡೆಯಲು ರಾಡ್ ಸೀಲು ಮತ್ತು ಓ-ರಿಂಗ್, ಹೊರಗಿನ ಧೂಳು ಒರೆಸಲು ವೈಪರ್. ಎಲ್ಲ ಸೇರಿದರೂ ಒಂದು ಅಂಗೈಯಲ್ಲಿ ಹಿಡಿಸುತ್ತವೆ. ಸಿಕ್ಕರೆ ಕೆಲವು ನೂರು ರೂಪಾಯಿಯ ಬಾಬತ್ತು.

ಅಳತೆ ಗೊತ್ತಿಲ್ಲದೆ ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ನೀವು ಒಮ್ಮೆ ಲೇತ್ ಅಂಗಡಿಗೆ ಬಂದು ನೋಡಬೇಕು. ಮೇಸ್ತ್ರಿ ಹಳೆಯ ಸೀಲನ್ನು ಕಿತ್ತು ವರ್ನಿಯರ್ ಹಿಡಿಯುತ್ತಾನೆ. ವರ್ಷಗಟ್ಟಲೆ ಎಣ್ಣೆ ಕುಡಿದು ಉಬ್ಬಿದ ಸೀಲಿನ ಅಳತೆ ಸುಳ್ಳು ಹೇಳುತ್ತದೆ. ಅದಕ್ಕೆ ಸೀಲು ಕೂರುವ ಗ್ರೂವನ್ನೇ ಅಳೆಯಬೇಕು, ಅದರ ಅಗಲ, ಆಳ ಎರಡನ್ನೂ. ಹತ್ತಿರದ ಅಳತೆಯದು ಸಾಕೆಂದು ಹಾಕಿದ ಸೀಲು ಕೆಲವೇ ದಿನಗಳಲ್ಲಿ ಹರಿಯುತ್ತದೆ. ಸರಿಯಾದದ್ದು ಸಿಕ್ಕರೆ ಆ ಮೇಸ್ತ್ರಿಯ ಕೈಚಳಕ ನೋಡುವಂಥದ್ದು. ಪಾಲಿಯುರೆಥೇನ್ ಸೀಲನ್ನು ಬಿಸಿನೀರಿನಲ್ಲಿ ಮೆದುವಾಗಿಸಿ, ಎಣ್ಣೆ ಸವರಿ, ಬೆರಳಿನಿಂದ ಒಳಮುಖವಾಗಿ ಮಡಿಸಿ ಗ್ಲ್ಯಾಂಡಿನೊಳಗೆ ಬಿಡುತ್ತಾನೆ. ಅದು ತಾನೇ ಅರಳಿ ಗ್ರೂವಿನಲ್ಲಿ ಕೂರುತ್ತದೆ. ಸೀಲಿನ ತುಟಿ ಒತ್ತಡದ ಕಡೆಗೇ ಮುಖ ಮಾಡಿರಬೇಕು. ರಾಡಿನ ಥ್ರೆಡ್ಡಿಗೆ ಟೇಪು ಸುತ್ತಿ ಹಾಯಿಸದಿದ್ದರೆ ಹೊಸ ಸೀಲು ಅಲ್ಲೇ ಕೊಯ್ದುಹೋಗುತ್ತದೆ.

ತಪ್ಪು ರಿಪೇರಿಗೂ ನಾವು ಬೇಕಾದಷ್ಟು ದುಡ್ಡು ಸುರಿಯುತ್ತಿದ್ದೇವೆ. ಎತ್ತಿದ ಬಕೆಟ್ಟು ತಾನಾಗಿ ಇಳಿದರೆ ಮೊದಲು ಜ್ಯಾಕಿನ ಸೀಲನ್ನೇ ಬದಲಿಸುತ್ತಾರೆ. ಎಷ್ಟೋ ಸಲ ಸವೆದಿರುವುದು ಕಂಟ್ರೋಲ್ ವಾಲ್ವ್. ಪರೀಕ್ಷೆ ಸರಳ. ಬಕೆಟ್ಟನ್ನು ನೆಲಕ್ಕಿಟ್ಟು, ರಾಡನ್ನು ಒಂದು ತುದಿಗೆ ಒಯ್ದು, ಎಂಜಿನ್ ನಿಲ್ಲಿಸಿ ಒತ್ತಡ ಇಳಿಸಬೇಕು. ಎಣ್ಣೆ ವಾಪಸು ಹೋಗುವ ಹೋಸ್ ಬಿಚ್ಚಿ, ಹೋಸಿಗೆ ಪ್ಲಗ್ ಹಾಕಿ, ಎಂಜಿನ್ ಮತ್ತೆ ಶುರು ಮಾಡಿ, ಅದೇ ದಿಕ್ಕಿಗೆ ಲಿವರನ್ನು ಮೆಲ್ಲಗೆ ಕೊಡಬೇಕು. ಜ್ಯಾಕಿನ ತೆರೆದ ಬಾಯಿಂದ ಎಣ್ಣೆ ಹರಿಯುತ್ತಲೇ ಇದ್ದರೆ ಮಾತ್ರ ಪಿಸ್ಟನ್ ಸೀಲು ಹೋಗಿದೆ ಎಂದರ್ಥ. ರಾಡಿನ ಕ್ರೋಮ್ ತುಕ್ಕಿಗೆ ಕಿತ್ತು ಗುಳಿ ಬಿದ್ದಿದ್ದರೆ ಎಂಥ ಸೀಲೂ ಬಾಳದು, ಮೊದಲು ರಾಡಿನ ಗತಿ ನೋಡಬೇಕು. ಈ ಮಾತುಗಳನ್ನು ಕನ್ನಡದಲ್ಲಿ ಬರೆದ ಒಂದು ಹಾಳೆಯೂ ಯಂತ್ರದ ಜೊತೆ ನಮ್ಮ ಕೈಗೆ ಬರಲಿಲ್ಲ.

ಇದೆಲ್ಲ ಕರ್ನಾಟಕದಲ್ಲಿ ನಡೆಯುತ್ತಿರುವುದೇ ನನಗೆ ಹೆಚ್ಚು ನೋವು ತರುವ ಸಂಗತಿ. ಬೆಳಗಾವಿಯ ಪಾಲಿಹೈಡ್ರಾನ್ ಕಂಪನಿ ಹೈಡ್ರಾಲಿಕ್ ವಾಲ್ವ್, ಪಂಪುಗಳಿಗೆ ಹೆಸರಾದದ್ದು. ಬೆಂಗಳೂರಿನ ವಿಪ್ರೊ ದಶಕಗಳಿಂದ ಹೈಡ್ರಾಲಿಕ್ ಸಿಲಿಂಡರ್ ತಯಾರಿಸಿ ದೇಶ ವಿದೇಶಗಳ ಯಂತ್ರಗಳಿಗೆ ಕೊಡುತ್ತಿದೆ. ಇಷ್ಟು ಪರಿಣತಿ ಇರುವ ನಾಡಿನಲ್ಲಿ ತೀರ್ಥಹಳ್ಳಿ, ಸಾಗರ, ಶಿರಸಿಯ ಕಡೆಯ ರೈತ ಒಂದು ರಾಡ್ ಸೀಲಿಗೆ ತಿಂಗಳುಗಟ್ಟಲೆ ಕಾಯುವಂತಾಗಬಾರದು.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ 2022ರ ಜುಲೈನಲ್ಲೇ ಸಮಿತಿ ರಚಿಸಿತು. ಅದು ಗುರುತಿಸಿದ ಕ್ಷೇತ್ರಗಳಲ್ಲಿ ಕೃಷಿ ಉಪಕರಣಗಳೂ ಇವೆ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಬಿಡಿಭಾಗ, ಸಲಕರಣೆ, ಕೈಪಿಡಿಗಳನ್ನು ಕೃಷಿ ಯಂತ್ರ ತಯಾರಕರು ರೈತರಿಗೂ ಹೊರಗಿನ ಮೆಕ್ಯಾನಿಕ್‌ಗಳಿಗೂ ಒದಗಿಸಬೇಕೆಂಬ ಕಾನೂನು 2024ರ ಜನವರಿ 1ರಿಂದ ಜಾರಿಯಲ್ಲಿದೆ. ನೀವು ಹೊಸ ಕಾನೂನಿಗೆ ಕಾಯಬೇಕಿಲ್ಲ. ಸಹಾಯಧನದ ಪಟ್ಟಿಯೇ ನಿಮ್ಮ ಕೈಯಲ್ಲಿದೆ. ಹೈಡ್ರಾಲಿಕ್ ಸಿಲಿಂಡರ್ ಇರುವ ಯಂತ್ರ ಆ ಪಟ್ಟಿಗೆ ಸೇರಬೇಕಾದರೆ ಪ್ರತಿ ಸೀಲಿನ ಅಳತೆ ಮತ್ತು ಜಾತಿಯನ್ನು ಕನ್ನಡದಲ್ಲಿ ಪ್ರಕಟಿಸಬೇಕು, ಸೀಲ್ ಕಿಟ್ಟನ್ನು ಬಿಡಿಯಾಗಿ ಮಾರಬೇಕು ಎಂದು ಷರತ್ತು ಹಾಕಿ. ಹೋಬಳಿಗಳಲ್ಲಿರುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಕಿಟ್‌ಗಳ ದಾಸ್ತಾನು, ಒಂದು ಪ್ರೆಷರ್ ಗೇಜ್ ಇರಲಿ.

ಹಳ್ಳಿಯ ಮೆಕ್ಯಾನಿಕ್‌ಗಳಿಗೆ ತರಬೇತಿಯನ್ನೂ ಕೊಡಿಸಿ, ಇದು ಪ್ರಾಣದ ಪ್ರಶ್ನೆ. ಎಣ್ಣೆ ತುಂಬಿದ ಜ್ಯಾಕನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸುವವರಿದ್ದಾರೆ, ಆಸರೆ ಕೊಡದೆ ಎತ್ತಿದ ತೋಳಿನ ಕೆಳಗೆ ಕೂರುವವರಿದ್ದಾರೆ, ಹೋಸಿನ ಸೋರಿಕೆಯನ್ನು ಬರಿಗೈಯಲ್ಲಿ ತಡವಿ ನೋಡುವವರಿದ್ದಾರೆ. ಸೂಜಿರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಹೊಕ್ಕರೆ ಹೊರಗೆ ಕಾಣುವುದು ಚುಕ್ಕೆಯಷ್ಟು ಗಾಯ. ಕೂಡಲೇ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳನ್ನೇ, ಕೆಲವೊಮ್ಮೆ ಕೈಯನ್ನೇ ತೆಗೆಯಬೇಕಾಗುತ್ತದೆ.

ಮಲೆನಾಡಿನಲ್ಲಿ ಮಣ್ಣು, ಗೊಬ್ಬರದ ಕೆಲಸಕ್ಕೆ ಸಿಗುವುದು ಮಳೆ ಹಿಡಿಯುವವರೆಗಿನ ಕೆಲವು ತಿಂಗಳು ಮಾತ್ರ. ಸಹಾಯಧನದ ಮುಂದಿನ ಪಟ್ಟಿ ಹೊರಡುವ ಮೊದಲೇ ಈ ಷರತ್ತನ್ನು ಅದರಲ್ಲಿ ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರ