ಮನೆಗೆ ಮರಳಿದ ರೋಗಿ

‘ಇನ್ನು ಮನೆಗೆ ಕರೆದುಕೊಂಡು ಹೋಗಿ’ ಎಂದು ವೈದ್ಯರು ಹೇಳಿದಂದು ಕ್ಯಾನ್ಸರ್ ರೋಗಿಯ ಚಿಕಿತ್ಸೆ ಮುಗಿಯಬಹುದು, ನೋವು ಮುಗಿಯುವುದಿಲ್ಲ. ಚಳ್ಳಕೆರೆಯಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಸುಮಾರು 200 ಕಿಲೋಮೀಟರು. ನೋವು ಕೆರಳಿದ ರಾತ್ರಿ ಸಿದ್ದಾಪುರದ ಬಡವನು ಯಾರ ಬಾಗಿಲು ತಟ್ಟಬೇಕು?

ಕೊನೆಗಾಲಕ್ಕೆ ಸ್ವಂತ ಮನೆಯೇ ಲೇಸೆನ್ನುವವರುಂಟು. ಒಪ್ಪತಕ್ಕ ಮಾತೇ. ಆದರೆ ಔಷಧವಿಲ್ಲದ ಮನೆ ರೋಗಿಗೂ ಸೆರೆ, ಮನೆಯವರಿಗೂ ಸೆರೆ. ವೈದ್ಯರ ಸಲಹೆಯಂತೆ ಹೊತ್ತು ತಪ್ಪದೆ ಕೊಟ್ಟ ಮಾರ್ಫಿನ್ ಬಹುಪಾಲು ನೋವನ್ನು ತಗ್ಗಿಸಬಲ್ಲುದು. ಅದರ ಪೂರೈಕೆಯ ತೊಡಕನ್ನು ಸಡಿಲಿಸಲೆಂದೇ 2014ರಲ್ಲಿ ಕಾನೂನು ತಿದ್ದುಪಡಿಯಾಯಿತು. ಕೇರಳವು 2008ರಲ್ಲಿಯೇ ಇಂಥ ಆರೈಕೆಗೊಂದು ನೀತಿ ರೂಪಿಸಿ, ಪಂಚಾಯಿತಿ, ದಾದಿ, ಊರಿನ ಸ್ವಯಂಸೇವಕರನ್ನು ಒಂದುಗೂಡಿಸಿತು. ಬೆಂಗಳೂರಿನ ಕರುಣಾಶ್ರಯವು ತನ್ನಲ್ಲಿರುವ ರೋಗಿಗಳನ್ನಲ್ಲದೆ ಮನೆಯಲ್ಲಿರುವವರನ್ನೂ ಉಚಿತವಾಗಿ ಉಪಚರಿಸುತ್ತದೆ.

ನಮ್ಮಲ್ಲಿ ಆಗಬೇಕಾದುದೂ ದೊಡ್ಡದಲ್ಲ. ಆಸ್ಪತ್ರೆಯು ಔಷಧ, ಅದರ ವೇಳೆ, ವಿಚಾರಿಸಬೇಕಾದ ವೈದ್ಯರು—ಇವನ್ನು ತಿಳಿಗನ್ನಡದಲ್ಲಿ ಬರೆದುಕೊಡಲಿ; ಪ್ರತಿಯೊಂದು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲಿ; ದಾದಿಯು ವಾರಕ್ಕೊಮ್ಮೆ ಮನೆಗೆ ಬರಲಿ; ಸಂಕಟ ಮಿತಿಮೀರಿದರೆ ಜಿಲ್ಲಾಸ್ಪತ್ರೆಯಲ್ಲಿ ಹಾಸಿಗೆ ದೊರೆಯಲಿ.

ವಿದ್ಯಾರ್ಥಿಗಳಾದ ನಾವು ಆ ಕಾಗದವನ್ನು ಓದಿ ಹೇಳಬಹುದು. ಮನೆಯಾಕೆ ಕೂಲಿಗೆ ಹೋದಾಗ ರೋಗಿಯ ಬಳಿ ಒಂದು ಗಂಟೆ ಕೂರಬಹುದು. ವಾಸಿಮಾಡಲಾಗದ ರೋಗವುಂಟು, ಆರೈಕೆ ಮಾಡಲಾಗದ ರೋಗಿಯಿಲ್ಲ.